ಸಪೋರ್ಟ್ ಕೊಟ್ಟವನ ಕೈ

ನೂರಾಹತ್ತು ಕಿಲೋ ಕಬ್ಬಿಣ ಸಿಮೆಂಟ್ ನೆಲಕ್ಕೆ ಬಿದ್ದರೆ ಆಚೆ ಬೀದಿಯ ನಾಯಿ ಎದ್ದು ಓಡುತ್ತದೆ. ಅದೇ ಕಬ್ಬಿಣ ಮನುಷ್ಯನ ಎದೆಯ ಮೇಲೆ ಬಿದ್ದರೆ ಒಣ ಕಟ್ಟಿಗೆಯನ್ನು ಮೊಣಕಾಲಿಗೆ ಕೊಟ್ಟು ಮುರಿದಷ್ಟೇ ಸದ್ದು. ಆ ಭಾನುವಾರ ಬೆಳಿಗ್ಗೆ ಹೊನ್ನಾವರದ ನನ್ನ ಜಿಮ್ಮಿನಲ್ಲಿ ಇಪ್ಪತ್ತು ಜನ ಇದ್ದರು, ಹಾಡು ಜೋರಾಗಿತ್ತು, ಅರ್ಧ ಜನರಿಗೆ ಆ ಸದ್ದು ಕೇಳಿಸಲೇ ಇಲ್ಲ. ನನಗೆ ಕೇಳಿಸಿತು. ತಿರುಗಿ ನೋಡುವಾಗ ಬೆಂಚಿನ ಮೇಲೆ ಮಲಗಿದ್ದವನ ಬಾಯಿಂದ ರಕ್ತ ಬರುತ್ತಿತ್ತು. ಅವನ ತಲೆಯ ಹಿಂದೆ ನಿಂತು, ಕೈ ಸೋತರೆ ಹಿಡಿಯಲೆಂದು ಸಪೋರ್ಟ್ ಕೊಡುತ್ತಿದ್ದವನು ಎರಡೂ ಕೈಗಳನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ನಿಂತಿದ್ದ.

ಮಳೆಗಾಲದಲ್ಲಿ ಮೀನುಗಾರಿಕೆ ಬಂದ್ ಇರುವ ಎರಡು ತಿಂಗಳು ನನ್ನ ಜಿಮ್ಮಿಗೆ ಸುಗ್ಗಿ. ಬೋಟುಗಳೆಲ್ಲ ದಡದಲ್ಲಿ, ಬೋಟಿನವರೆಲ್ಲ ನನ್ನಲ್ಲಿ. ವರ್ಷವಿಡೀ ಹಗ್ಗ ಎಳೆದ ಮೈಗಳು ಸುಮ್ಮನೆ ಕೂತರೆ ಮನೆಯಲ್ಲಿ ಜಗಳ ಶುರುವಾಗುತ್ತದೆ, ಅದಕ್ಕಿಂತ ಇಲ್ಲಿ ಕಬ್ಬಿಣ ಎತ್ತಲಿ ಎಂದು ಹೆಂಡಂದಿರೇ ಕಳಿಸುತ್ತಾರೆ. ಬಂದವರಿಗೆ ಬೇಕಾದ್ದು ಒಂದೇ, ಬೆಂಚ್ ಪ್ರೆಸ್. ಅಂಗಾತ ಮಲಗಿ ಎದೆಯ ಮೇಲಿಂದ ರಾಡ್ ಎತ್ತುವುದು. ಎಷ್ಟು ಎತ್ತುತ್ತೀ ಎಂದು ಊರಲ್ಲಿ ಯಾರಾದರೂ ಕೇಳಿದರೆ ಅದು ಬೆಂಚಿನ ಲೆಕ್ಕವೇ.

ನನಗೆ ಈ ಬೆಂಚ್ ಪ್ರೆಸ್ ಕಂಡರೆ ಆಗುವುದಿಲ್ಲ. ಕೆಟ್ಟ ವ್ಯಾಯಾಮವೇನಲ್ಲ, ಆದರೆ ಅದಕ್ಕೆ ಸಿಗುವ ಮರ್ಯಾದೆಯ ಕಾಲು ಭಾಗಕ್ಕೂ ಅದು ಯೋಗ್ಯವಲ್ಲ. ಕನ್ನಡಿಯಲ್ಲಿ ಕಾಣುವ ಸ್ನಾಯುವನ್ನು ಮಾತ್ರ ಬೆಳೆಸಿ, ಬೆನ್ನನ್ನು ಮರೆತು, ಭುಜ ಮುಂದಕ್ಕೆ ಬಾಗಿಸಿಕೊಂಡು, ಕೊನೆಗೆ ಭುಜ ನೋವು ಮಾಸ್ತರ್ರೆ ಎಂದು ನನ್ನ ಹತ್ತಿರವೇ ಬರುತ್ತಾರೆ. ಜೊತೆಗೆ ಸೊಂಟಕ್ಕೊಂದು ಪಟ್ಟಿ, ಎತ್ತುವ ಮೊದಲು ಒಬ್ಬನಿಂದ ಬೆನ್ನಿಗೆ ಪೆಟ್ಟು, ಎತ್ತುವಾಗ ಕೋಣನ ಕೂಗು. ಇದೆಲ್ಲ ಶಕ್ತಿ ಅಂದುಕೊಂಡವರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಆದರೂ ಭಾನುವಾರ ಬೆಳಿಗ್ಗೆ ಯಾರು ಹೆಚ್ಚು ಎತ್ತುತ್ತಾರೆ ಎಂಬ ಪಂದ್ಯ ಇಟ್ಟವನು ನಾನೇ. ಜನ ಸೇರುತ್ತಿದ್ದರು, ನನಗೂ ಖುಷಿಯಾಗುತ್ತಿತ್ತು.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಆಗ ಅದನ್ನು ಯಾರಿಗೂ ಹೇಳಲಿಲ್ಲ. ಬೆಂಚಿನ ಎರಡೂ ಬದಿ ಬೇರೆಯಾಗಿ ನಿಂತ ಕಂಬಗಳಿಗೆ ಅಡ್ಡ ಸರಳುಗಳಿರುತ್ತವೆ. ಕೈ ಸೋತರೆ ರಾಡ್ ಆ ಸರಳಿನ ಮೇಲೆ ಕೂರುತ್ತದೆ, ಎದೆಯ ಮೇಲಲ್ಲ. ನನ್ನ ಬೆಂಚು ಸ್ವಲ್ಪ ತಗ್ಗು, ಸರಳಿನ ತೂತು ಸ್ವಲ್ಪ ಎತ್ತರ. ರಾಡ್ ಎದೆಗೆ ತಾಗುವ ಮೊದಲೇ ಸರಳಿಗೆ ಬಡಿಯುತ್ತಿತ್ತು. ಎದೆಗೆ ತಾಗದಿದ್ದರೆ ಲೆಕ್ಕಕ್ಕಿಲ್ಲ ಎಂದು ಭಾನುವಾರದ ಪಂದ್ಯದಲ್ಲಿ ಕಚ್ಚಾಟ. ಬೆಂಚಿನ ಕಾಲಿನ ಕೆಳಗೆ ಎರಡು ಇಂಚು ಹಲಗೆ ಕೊಟ್ಟಿದ್ದರೆ ಸರಿಹೋಗುತ್ತಿತ್ತು, ಅರ್ಧ ಗಂಟೆಯ ಕೆಲಸ. ನಾನು ಸರಳುಗಳನ್ನೇ ಕಿತ್ತು ಕಪಾಟಿನ ಹಿಂದೆ ಇಟ್ಟೆ.

ಮಲಗಿದ್ದವನು ಬಂದರಿನ ಒಬ್ಬ ತಾಂಡೇಲನ ತಮ್ಮ. ತಾಂಡೇಲ ಅಂದರೆ ಬೋಟಿನ ಯಜಮಾನಿಕೆ ಮಾಡುವವನು, ಸಮುದ್ರದ ಮೇಲೆ ಅವನ ಮಾತೇ ಕೊನೆ. ಈ ತಮ್ಮ ಮಾತ್ರ ಸಮುದ್ರಕ್ಕೆ ಹೋಗುವವನಲ್ಲ, ಮೀನಿನ ಪಿಕಪ್ ಓಡಿಸುತ್ತಿದ್ದ. ಸಪೋರ್ಟ್ ಕೊಟ್ಟವನು ಮಾವಳ್ಳಿಯ ಒಬ್ಬ ಕಲಾಸಿ, ಬೋಟಿನಲ್ಲಿ ಬಲೆ ಎಳೆಯುವವನು. ಬಂದ್ ಇರುವಾಗ ಹೊನ್ನಾವರಕ್ಕೆ ಬಲೆ ರಿಪೇರಿಗೆ ಬರುತ್ತಿದ್ದ. ಜಿಮ್ಮಿನಲ್ಲಿ ಅವನು ಮಾಡುತ್ತಿದ್ದುದು ಎರಡೇ. ಕಂಬಿಗೆ ಸುಮ್ಮನೆ ಜೋತು ಬೀಳುವುದು, ಮತ್ತೆ ಎರಡು ಕೈಯಲ್ಲಿ ಎರಡು ತುಂಬಿದ ಕ್ಯಾನ್ ಹಿಡಿದು ಗೋಡೆಯಿಂದ ಗೋಡೆಗೆ ನಡೆಯುವುದು. ನೀರು ಹೊರುವುದಾದರೆ ಮನೆಯಲ್ಲೇ ಹೊರು ಎಂದು ಎಲ್ಲ ನಗುತ್ತಿದ್ದರು. ನನ್ನ ಲೆಕ್ಕದಲ್ಲಿ ಅಲ್ಲಿದ್ದವರಲ್ಲಿ ನಿಜವಾಗಿ ತರಬೇತಿ ಮಾಡುತ್ತಿದ್ದವನು ಅವನೊಬ್ಬ. ಹಿಡಿತ, ಬೆನ್ನು, ಸೊಂಟ, ಉಸಿರು ಎಲ್ಲ ಆ ನಡಿಗೆಯಲ್ಲೇ ಇದೆ, ಯಾರೂ ಅದನ್ನು ಕಣ್ಣೆತ್ತಿ ನೋಡುವುದಿಲ್ಲ. ಅವನ ಕೈಯ ಹಿಡಿತ ಗೊತ್ತಿದ್ದುದರಿಂದ ನಾನೇ ಅವನನ್ನು ಕರೆದು ಬೆಂಚಿನ ಹಿಂದೆ ನಿಲ್ಲಿಸಿದೆ.

ರಾಡಿನಡಿ ಸಿಕ್ಕವನನ್ನು ನಾಲ್ಕು ಜನ ಸೇರಿ ಬಿಡಿಸಿ, ಬಾಗಿಲಿನ ಹಲಗೆಯ ಮೇಲೆ ಮಲಗಿಸಿ ಸರ್ಕಾರಿ ಆಸ್ಪತ್ರೆಗೆ ಒಯ್ದೆವು. ಅಲ್ಲಿಂದ ಕುಮಟೆಗೆ ಕಳಿಸಿದರು. ಆಂಬ್ಯುಲೆನ್ಸಿನಲ್ಲಿ ಅವನು ಉಸಿರೆಳೆದಾಗಲೆಲ್ಲ ಎದೆಯೊಳಗೆ ಏನೋ ಕಿರುಗುಟ್ಟುತ್ತಿತ್ತು. ಎದೆಮೂಳೆ ಬಿರುಕು ಬಿಟ್ಟಿದೆ, ಮೂರು ಪಕ್ಕೆಲುಬು ಮುರಿದಿದೆ, ಶ್ವಾಸಕೋಶದ ಸುತ್ತ ಗಾಳಿ ತುಂಬಿದೆ ಎಂದು ಕುಮಟೆಯ ಡಾಕ್ಟರು ಹೇಳಿ ಪಕ್ಕೆಗೆ ತೂತು ಮಾಡಿ ಕೊಳವೆ ಹಾಕಿದರು. ಬಾಯಿಯ ರಕ್ತ ನಾಲಿಗೆ ಕಚ್ಚಿಕೊಂಡದ್ದು. ಬದುಕುತ್ತಾನೆ ಎಂದರು. ನಾನು ಹೊರಗೆ ಬಂದು ಗೋಡೆಗೆ ಒರಗಿದೆ, ಪಕ್ಕದಲ್ಲಿ ಕಲಾಸಿಯೂ ಇದ್ದ. ಅವನ ಬನಿಯನ್ನಿಗೆ ರಕ್ತ ತಾಗಿ ಒಣಗಿತ್ತು.

ಅಷ್ಟರಲ್ಲಿ ತಾಂಡೇಲ ಬಂದ. ಐವತ್ತರ ಹತ್ತಿರದ ಮನುಷ್ಯ, ನನಗಿಂತ ಗಿಡ್ಡ, ಕುತ್ತಿಗೆ ಎಲ್ಲಿ ಮುಗಿದು ಭುಜ ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗದ ಮೈಕಟ್ಟು.

"ಯಾರು ಹಿಡ್ಕಂಡಿದ್ದು?" ಎಂದು ಕೇಳಿದ.

ನಾನು ಕೈ ಎತ್ತಿ ಕಲಾಸಿಯ ಕಡೆ ಬೆರಳು ಮಾಡಿದೆ. ಅಷ್ಟೇ. ಬೇರೆ ಏನನ್ನಾದರೂ ಹೇಳಬಹುದಿತ್ತು, ಹೇಳಲು ಇತ್ತು ಕೂಡ.

ತಾಂಡೇಲ ಕಲಾಸಿಯ ಕುತ್ತಿಗೆ ಹಿಡಿದು ಹಣೆಯನ್ನು ಗೋಡೆಗೆ ಗುದ್ದಿದ. ಒಮ್ಮೆ, ಎರಡು ಸಲ. ನರ್ಸ್ ಕೂಗಿಕೊಂಡಳು. ನಾನು ಹಿಂದಿನಿಂದ ತಾಂಡೇಲನ ಎರಡೂ ತೋಳು ಸೇರಿಸಿ ಅಪ್ಪಿ ಎಳೆದೆ, ಕಲ್ಲು ಎಳೆದ ಹಾಗಾಯಿತು. ಕಲಾಸಿಯ ಹುಬ್ಬು ಸೀಳಿ ಕಣ್ಣೊಳಗೆ ರಕ್ತ ಇಳಿಯುತ್ತಿತ್ತು. ಅವನು ತಿರುಗಿ ಕೈ ಎತ್ತಲಿಲ್ಲ.

"ಹೋದ ವರ್ಷ ನನ್ನ ಬೋಟ್ ಬಿಟ್ಟು ಭಟ್ಕಳದವರ ಬೋಟಿಗೆ ಹೋದ ಅಂವ," ಎಂದ ತಾಂಡೇಲ, ನನಗೆ. "ಬಂದರದಲ್ಲಿ ಎಲ್ಲರ ಎದುರು ನಾ ಬೈದಿದ್ದೆ. ಅದ್ಕೆ ನನ್ನ ತಮ್ಮನ ಮೇಲೆ ತೀರ್ಸ್ಕಂಡ. ಬೇಕಂತ್ಲೇ ಬಿಟ್ಟದ್ದು."

"ಹಂಗಲ್ಲ ತಾಂಡೇಲ್ರೆ," ಎಂದ ಕಲಾಸಿ. ಮುಂದೆ ಏನೋ ಹೇಳಲು ಹೊರಟ, ತಾಂಡೇಲ ಮತ್ತೆ ಮುನ್ನುಗ್ಗಿದ್ದರಿಂದ ಅದು ಅಲ್ಲಿಗೇ ನಿಂತಿತು.

ಮಂಗಳವಾರ ಸಂಜೆ ನಾಲ್ಕು ಗಂಟೆಗೆ ಅವರು ಜಿಮ್ಮಿಗೆ ಬಂದರು. ತಾಂಡೇಲ ಮತ್ತು ಅವನ ಬೋಟಿನ ಇಬ್ಬರು, ಒಬ್ಬನ ಕೈಯಲ್ಲಿ ಕಬ್ಬಿಣದ ಪೈಪ್. ಕಲಾಸಿ ಅವತ್ತು ವ್ಯಾಯಾಮಕ್ಕೆ ಬಂದದ್ದಲ್ಲ, ತಾಂಡೇಲನ ತಮ್ಮನ ಉಸಿರು ಹೇಗಿದೆ ಎಂದು ನನ್ನನ್ನು ಕೇಳಲು ಬಂದಿದ್ದ. ಒಳಗೆ ಏಳೆಂಟು ಜನ ಇದ್ದರು, ತೋಳು ತೊಡೆಯಷ್ಟು ದಪ್ಪ ಮಾಡಿಕೊಂಡವರು. ಕಬ್ಬಿಣದ ಪೈಪ್ ಕಂಡದ್ದೇ ತಡ ಹಿಂದಿನ ಬಾಗಿಲಿನಿಂದ ಒಬ್ಬರ ಮೇಲೊಬ್ಬರು ಬಿದ್ದು ಹೊರಗೆ ಹೋದರು. ಡಂಬೆಲ್ ಹಿಡಿದು ತೋಳು ಮಡಚುವುದರಿಂದ ಏನೂ ಬರುವುದಿಲ್ಲ ಎಂದು ನಾನು ಹೇಳುತ್ತಿದ್ದುದಕ್ಕೆ ಅವತ್ತು ಸಾಕ್ಷಿ ಸಿಕ್ಕಿತು, ನಗುವ ಸ್ಥಿತಿಯಲ್ಲಿ ಮಾತ್ರ ನಾನಿರಲಿಲ್ಲ.

ಪೈಪ್ ಹಿಡಿದವನು ನನ್ನ ಮೊಣಕಾಲಿನ ಹಿಂದೆ ಬೀಸಿದ. ನಾನು ಬಿದ್ದೆ. ಬಿದ್ದಲ್ಲಿಂದಲೇ ಕೈಗೆ ಸಿಕ್ಕ, ರಾಡಿಗೆ ಹಾಕುವ ಎರಡೂವರೆ ಕಿಲೋ ಪ್ಲೇಟನ್ನು ನನ್ನ ಮೇಲೆ ಬಗ್ಗಿದ ಅವನ ಮುಖಕ್ಕೆ ಹೊಡೆದೆ. ಮೂಗು ಮುರಿದದ್ದು ನನ್ನ ಅಂಗೈಗೇ ಗೊತ್ತಾಯಿತು. ಸುಳ್ಳು ಯಾಕೆ ಹೇಳಲಿ, ಆಗ ನನಗೆ ಸಂತೋಷವಾಯಿತು. ಎರಡು ದಿನದಿಂದ ಯಾರಿಗಾದರೂ ಹೊಡೆಯಬೇಕು ಅನ್ನಿಸುತ್ತಿತ್ತು. ಅವನು ರಕ್ತ ಉಗುಳುತ್ತ ನನ್ನ ಬೆನ್ನ ಮೇಲೆ ಕೂತು ಪೈಪನ್ನು ಕುತ್ತಿಗೆಗೆ ಅಡ್ಡ ಒತ್ತಿದ. ನನ್ನ ಕೆನ್ನೆ ರಬ್ಬರ್ ಮ್ಯಾಟಿಗೆ ಅಂಟಿಕೊಂಡಿತು. ಅಲ್ಲಿಂದ ನೋಡಬೇಕಾದ್ದು ನೋಡಿದೆ.

ಇನ್ನೊಬ್ಬ ಕಲಾಸಿಯ ಬಲಗೈಯನ್ನು ಅದೇ ಬೆಂಚಿನ ಮೇಲೆ ಚಾಚಿ ಮಣಿಕಟ್ಟಿನ ಮೇಲೆ ಮೊಣಕಾಲೂರಿದ. ತಾಂಡೇಲ ಹತ್ತು ಕಿಲೋ ಪ್ಲೇಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ಬಿಟ್ಟ ಕೈ ಇದೇ ಅಲ್ಲ?" ಎಂದ.

ಪ್ಲೇಟಿನ ಅಂಚು ಬೆರಳ ಬುಡಕ್ಕೆ ಬಿತ್ತು. ಕಲಾಸಿ ಕೂಗಿದ್ದು ಬಂದರದವರೆಗೂ ಕೇಳಿರಬೇಕು. ಎರಡನೇ ಸಲ ಎತ್ತುವಾಗ ನಾನು ನನ್ನ ಮೇಲಿದ್ದವನ ಕೈ ಕಚ್ಚಿದೆ, ಅವನು ಪೈಪಿನಿಂದ ನನ್ನ ತಲೆಗೆ ಕೊಟ್ಟ. ಆಮೇಲೆ ಎಷ್ಟು ಹೊತ್ತೋ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಕನ್ನಡಿಗಳೆಲ್ಲ ಒಡೆದಿದ್ದವು. ಕಲಾಸಿ ಬೆಂಚಿನ ಕೆಳಗೆ ಮಡಚಿಕೊಂಡು ಬಿದ್ದು ಕೈಯನ್ನು ಹೊಟ್ಟೆಯೊಳಗೆ ಒತ್ತಿಕೊಂಡಿದ್ದ.

ಪೊಲೀಸ್ ಸ್ಟೇಷನ್ನಿಗೆ ಹೋಗೋಣ ಎಂದೆ. ಬೇಡ ಎಂದ.

"ಕಂಪ್ಲೇಂಟ್ ಕೊಟ್ರೆ ಯಾವ ಬೋಟಿಗೂ ಸೇರ್ಸ್ಕಣೂದಿಲ್ಲ ನನ್ನ," ಎಂದ.

ನನಗೆ ಒಳಗೊಳಗೇ ಹಾಯೆನಿಸಿತು. ಪೊಲೀಸರು ಬಂದರೆ ಬೆಂಚು ನೋಡುತ್ತಾರೆ, ಸರಳು ಎಲ್ಲಿ ಎಂದು ಕೇಳುತ್ತಾರೆ. ಆ ಹಾಯೆನಿಸಿದ್ದಕ್ಕೆ ನನ್ನ ಬಗ್ಗೆ ನನಗೇ ಅಸಹ್ಯವಾಯಿತು, ಆದರೂ ಬಾಯಿ ಬಿಡಲಿಲ್ಲ. ತಲೆಗೆ ಆರು ಹೊಲಿಗೆ ಹಾಕಿಸಿಕೊಂಡು ಮನೆಗೆ ಹೋಗಿ ಮಲಗಿದೆ.

ಒಂದು ವಾರದೊಳಗೆ ಸುದ್ದಿ ಹೊನ್ನಾವರದಿಂದ ಭಟ್ಕಳದವರೆಗೆ ಎಲ್ಲ ಬಂದರುಗಳಿಗೂ ತಲುಪಿತು. ಹೊಡೆದದ್ದರ ಸುದ್ದಿಯಲ್ಲ, ಬಿಟ್ಟದ್ದರ ಸುದ್ದಿ. ಸಿಟ್ಟು ಬಂದರೆ ಕೈ ಬಿಡುವವ ಎಂದು ಕಲಾಸಿಗೆ ಹೆಸರು ಬಿತ್ತು. ಸಮುದ್ರದ ಕೆಲಸದಲ್ಲಿ ಇದಕ್ಕಿಂತ ಕೆಟ್ಟ ಹೆಸರಿಲ್ಲ. ಕುಡುಕನನ್ನು ಸೇರಿಸಿಕೊಳ್ಳುತ್ತಾರೆ, ಕಳ್ಳನನ್ನೂ ಸೇರಿಸಿಕೊಂಡಾರು, ಹಗ್ಗ ಬಿಡುವವನನ್ನು ಯಾವ ಬೋಟೂ ಹತ್ತಿಸುವುದಿಲ್ಲ. ಭಟ್ಕಳದ ಬೋಟಿನ ಮಾಲೀಕ ಈ ಸಲ ಬರುವುದು ಬೇಡ ಎಂದು ಹೇಳಿಕಳಿಸಿದ. ಬೋಟು ಇಳಿಯಲು ಇನ್ನು ಮೂರು ವಾರ ಉಳಿದಿತ್ತು.

ಇದನ್ನು ಕೇಳಿದ ಮೇಲೆ ನಾನು ಮಾವಳ್ಳಿಗೆ ಹೋದೆ. ಕಲಾಸಿ ಜಗಲಿಯಲ್ಲಿ ಕೂತಿದ್ದ, ಬಲಗೈ ಮೊಣಕೈವರೆಗೆ ಪ್ಲಾಸ್ಟರ್, ಕಿರುಬೆರಳು ಉಂಗುರಬೆರಳು ನೀಲಿಯಾಗಿ ಊದಿದ್ದವು. ಅವನ ಹೆಂಡತಿ ಮೀನು ಮಾರಿ ಆಗಷ್ಟೇ ಬಂದಿದ್ದಳು, ಬುಟ್ಟಿ ತೊಳೆಯುತ್ತಲೇ ನನ್ನನ್ನು ನೋಡಿದಳು, ಬನ್ನಿ ಅನ್ನಲಿಲ್ಲ.

"ಅವತ್ತು ಎಂತ ಆತು ಅಂತ ನನ್ನ ಹತ್ರ ಸರಿಯಾಗಿ ಹೇಳು," ಎಂದೆ.

"ಎಂತ ಹೇಳೂದು ಮಾಸ್ತರ್ರೆ. ಎರಡು ಸಲ ಎತ್ತದ. ಮೂರನೇದ್ದಕ್ಕೆ ಅರ್ಧದಲ್ಲಿ ನಿಂತು ಹೋತು. ನಾ ಹಿಡ್ದೆ. ಸುಮಾರು ಭಾರ ನನ್ನ ಕೈಗೇ ಬಂದಿತ್ತು. ಆವಾಗ ಅಂವ ಆತು ಅಂದ. ನಾ ಬಿಟ್ಟೆ."

"ಆತು ಅಂದ್ರೆ ಬಿಡೂದಾ?"

ಅವನು ನನ್ನನ್ನು ಏನೂ ತಿಳಿಯದವನನ್ನು ನೋಡುವ ಹಾಗೆ ನೋಡಿದ. "ಮತ್ತೆಂತ? ಬೋಟಲ್ಲಿ ಹಗ್ಗ ಎಳೀತಾ ಇರ್ತ್ರು. ಮುಂದಿದ್ದಂವ ಕಂಬಕ್ಕೆ ಸುತ್ತಿ ಬಿಗಿದು ಆತು ಅಂದ ಅಂದ್ರೆ ಭಾರ ಅವನ ಹತ್ರ ಹೋತು ಅಂತ. ಹಿಂದಿದ್ದಂವ ಆ ಕೂಡ್ಲೇ ಬಿಡ್ಬೇಕು. ಬಿಡ್ದೆ ಹಿಡ್ಕಂಡ್ರೆ ಹಗ್ಗ ಬೆರಳನ್ನ ಒಳಗೆ ಎಳ್ಕಂತದೆ. ಹನ್ನೆರಡು ವರ್ಷ ನಾ ಅದೇ ಮಾಡದ್ದು. ಕಿವಿಗೆ ಬಿದ್ದ ಕೂಡ್ಲೇ ಕೈ ಬಿಡ್ತದೆ, ನಾ ಬಿಡೂದಲ್ಲ."

ಸೆಟ್ಟಿನ ಶುರುವಿನಲ್ಲಿ, ರಾಡನ್ನು ಕೊಕ್ಕೆಯಿಂದ ಎತ್ತಿ ಕೊಟ್ಟಾಗಲೂ ತಾಂಡೇಲನ ತಮ್ಮ ಆತು ಎಂದೇ ಹೇಳಿದ್ದ, ಅದನ್ನು ನಾನೇ ಕೇಳಿದ್ದೆ. ಆಗ ಅದರ ಅರ್ಥ, ನಾನು ಹಿಡಿದಿದ್ದೇನೆ, ನೀನು ಬಿಡು. ಸರಿಯಾಗೇ ಬಿಟ್ಟ. ಅರ್ಧ ನಿಮಿಷದ ಮೇಲೆ ಅದೇ ಬಾಯಿಂದ ಅದೇ ಮಾತು. ಪಿಕಪ್ ಓಡಿಸುವವನಿಗೆ ಅದು ಊಟದ ಎಲೆಯ ಮುಂದೆ ಹೇಳುವ ಆತು. ಸಾಕು, ನನ್ನಿಂದಾಗದು, ತೆಗೆದುಕೋ. ನಾನು ಜನರಿಗೆ ಮೊಣಕೈ ಎಷ್ಟು ಡಿಗ್ರಿ ಇರಬೇಕು, ಉಸಿರು ಯಾವಾಗ ಬಿಡಬೇಕು ಎಂದೆಲ್ಲ ಪಾಠ ಮಾಡುತ್ತಿದ್ದೆ. ಎತ್ತುವವನೂ ಹಿಡಿಯುವವನೂ ಮೊದಲೇ ನಿಂತು ಯಾವ ಮಾತಿಗೆ ಏನು ಮಾಡಬೇಕು ಎಂದು ಆಡಿಕೊಳ್ಳಬೇಕು ಎಂಬುದನ್ನು ಒಬ್ಬರಿಗೂ ಕಲಿಸಿರಲಿಲ್ಲ. ಇಡೀ ಜಿಮ್ಮಿನಲ್ಲಿ ಅದಕ್ಕಿಂತ ದೊಡ್ಡ ಅಭ್ಯಾಸ ಇನ್ನೊಂದಿಲ್ಲ, ಪುಕ್ಕಟೆ ಬೇರೆ.

ಅಲ್ಲಿಂದ ನೇರ ಕುಮಟೆಗೆ ಹೋದೆ. ತಮ್ಮನ ಕೊಳವೆ ತೆಗೆದಿದ್ದರು, ಮೆಲ್ಲಗೆ ಮಾತಾಡುತ್ತಿದ್ದ.

"ಆತು ಅಂದೆ ಮಾಸ್ತರ್ರೆ," ಎಂದ. "ನಂಗಾಗೂದಿಲ್ಲ, ತಗಾ ಅಂತ."

ಪಕ್ಕದಲ್ಲೇ ತಾಂಡೇಲ ಕೂತಿದ್ದ. ನಾನು ಬೋಟಿನ ಆತುವನ್ನು, ಮನೆಯ ಆತುವನ್ನು ಬಿಡಿಸಿ ಹೇಳಿದೆ. ಅವನು ಪೂರ್ತಿ ಕೇಳಿದ.

"ಎದೆ ಮೇಲೆ ಕಬ್ಬಿಣ ಇದ್ದಾಗ ಬಿಡಬಾರದು ಅಂತ ದನ ಕಾಯೂವನಿಗೂ ಗೊತ್ತಾಗ್ತದೆ," ಎಂದ. "ಈ ಕತೆ ನಿಮ್ಗೆ ಅಂವ ಹೇಳ್ಕೊಟ್ಟದ್ದು. ನಾನಾದ್ರೆ ಬಿಡ್ತಿರ್ಲಿಲ್ಲ."

ಆ ಕೊನೆಯ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮರುದಿನ ಬೆಳಿಗ್ಗೆ ಕಪಾಟಿನ ಹಿಂದಿನಿಂದ ಸರಳುಗಳನ್ನು ತೆಗೆದು ತುಕ್ಕು ಉಜ್ಜಿದೆ. ಬೆಂಚಿನ ಕೆಳಗೆ ಎರಡು ಇಂಚಿನ ಹಲಗೆ ಕೊಟ್ಟೆ. ಸರಳು ಹಾಕಿ, ಖಾಲಿ ರಾಡ್ ಇಟ್ಟು ಮಲಗಿ ನೋಡಿದೆ. ಎದೆ ಉಬ್ಬಿಸಿದರೆ ರಾಡ್ ತಾಗುತ್ತದೆ, ಉಸಿರು ಬಿಟ್ಟರೆ ಎದೆಗೂ ರಾಡಿಗೂ ನಡುವೆ ಎರಡು ಬೆರಳು ಜಾಗ ಉಳಿಯುತ್ತದೆ. ಎಂಬತ್ತು ಕಿಲೋ ಹಾಕಿದೆ. ತಾಂಡೇಲನಿಗೆ ಫೋನ್ ಮಾಡಿ, ನಿಮ್ಮ ತಮ್ಮ ಬಿದ್ದದ್ದು ಹೇಗೆ ಎಂದು ಕಣ್ಣಾರೆ ತೋರಿಸುತ್ತೇನೆ ಬನ್ನಿ ಎಂದೆ. ನಾನು ಏನು ಮಾಡುತ್ತೇನೆ ಎಂದು ಹೇಳಲಿಲ್ಲ.

ಅವನು ಅದೇ ಇಬ್ಬರನ್ನು ಕರೆದುಕೊಂಡು ಬಂದ. ಒಬ್ಬನ ಮೂಗಿಗೆ ಬ್ಯಾಂಡೇಜ್ ಇತ್ತು, ನಾನು ಹೊಡೆದದ್ದು.

"ನೀವು ಹಿಂದೆ ನಿಂತ್ಕಣಿ," ಎಂದೆ ತಾಂಡೇಲನಿಗೆ. "ನನ್ನ ಕೈ ಸೋತಾಗ ಹಿಡೀರಿ. ಬೇರೆ ಎಂತದೂ ಇಲ್ಲ."

"ನಾ ಹಿಡ್ದ್ರೆ ಜಾರೂದಿಲ್ಲ," ಎಂದ.

ಮಲಗಿದೆ. ಅವನ ಮುಖ ನನಗೆ ತಲೆಕೆಳಗಾಗಿ ಕಾಣುತ್ತಿತ್ತು. ಸರಳು ಇದೆ ಎಂದು ಗೊತ್ತಿದ್ದರೂ ಓರೆಗಣ್ಣಿನಿಂದ ಮತ್ತೊಮ್ಮೆ ನೋಡಿಕೊಂಡೆ, ಒಂದು ವಾರದ ಹಿಂದೆ ನನ್ನ ಕಣ್ಣೆದುರೇ ಪ್ಲೇಟ್ ಎತ್ತಿದ ಕೈ ಅದು. ಎಂಟು ಸಲ ಎತ್ತುವಾಗ ತೋಳು ಉರಿಯತೊಡಗಿತು, ಹತ್ತನೆಯದ್ದು ಅರ್ಧಕ್ಕೆ ನಿಂತಿತು. ನಾಟಕವಲ್ಲ, ನಿಜವಾಗಿಯೂ ಸೋತಿದ್ದೆ. ತಾಂಡೇಲ ಬಗ್ಗಿ ರಾಡನ್ನು ಹಿಡಿದ. ಎಂಥ ಹಿಡಿತ, ಭಾರವೇ ಮಾಯವಾಯಿತು.

"ಆತು," ಎಂದೆ.

ಬಿಟ್ಟ. ಒಂದು ಕ್ಷಣ ಯೋಚಿಸಲೂ ಇಲ್ಲ, ಎರಡೂ ಕೈ ತೆರೆದು ಹಿಂದಕ್ಕೆ ಹೋದವು. ಎಂಬತ್ತು ಕಿಲೋ ಸರಳಿನ ಮೇಲೆ ಬಿದ್ದ ರಭಸಕ್ಕೆ ಕಂಬಗಳೆರಡೂ ಅಲುಗಿದವು, ಕಿವಿ ಗುಂಯ್ ಅಂದಿತು. ರಾಡ್ ನನ್ನ ಬನಿಯನ್ನಿಗೆ ತಾಗಿಯೂ ತಾಗದ ಹಾಗೆ ನಿಂತಿತ್ತು.

"ನೀವೇ ಆತು ಅಂದ್ರಿ," ಎಂದ ತಾಂಡೇಲ.

ಹೇಳಿದ ಮೇಲೆ ತಾನು ಹೇಳಿದ್ದು ಏನೆಂದು ಅವನಿಗೆ ಕೇಳಿಸಿತು. ಬ್ಯಾಂಡೇಜಿನವನು ನೆಲ ನೋಡಿದ. ತಾಂಡೇಲ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ, ಬಹಳ ಹೊತ್ತು ನೋಡಿದ. ಅವನು ಅಳುತ್ತಾನೇನೋ ಎಂದು ನನಗೆ ಭಯವಾಯಿತು. ಅಳಲಿಲ್ಲ. ಅವನ ಕಣ್ಣು ಮೆಲ್ಲಗೆ ರಾಡಿನಿಂದ ಸರಳಿಗೆ ಇಳಿಯಿತು. ಬಗ್ಗಿ ಅದನ್ನು ಬೆರಳಿನಿಂದ ಬಡಿದ.

"ಈ ಸರಳು ಅವತ್ತು ಎಲ್ಲಿತ್ತು?"

ಇದು ಬರುತ್ತದೆ ಎಂದು ಗೊತ್ತಿದ್ದೇ ಕರೆದಿದ್ದೆ. ಮೊನ್ನೆ ತಂದದ್ದು ಎಂದು ಹೇಳಬಹುದಿತ್ತು, ಬೆಳಿಗ್ಗೆ ತುಕ್ಕು ಉಜ್ಜುವಾಗ ಆ ಸುಳ್ಳನ್ನು ಒಂದೆರಡು ಸಲ ಬಾಯಲ್ಲಿ ಆಡಿಯೂ ನೋಡಿದ್ದೆ.

"ಕಪಾಟಿನ ಹಿಂದೆ ಇತ್ತು," ಎಂದೆ. "ನಾನೇ ತೆಗೆದಿಟ್ಟದ್ದು. ಇದು ಇದ್ದಿದ್ರೆ ಅವನು ಬಿಟ್ರೂ ನಿಮ್ಮ ತಮ್ಮನಿಗೆ ಎಂತದೂ ಆಗ್ತಿರ್ಲಿಲ್ಲ. ಆಸ್ಪತ್ರೆಲಿ ನೀವು ಕೇಳ್ದಾಗ ಇದನ್ನೇ ಹೇಳ್ಬೇಕಿತ್ತು."

ಮೊದಲ ಪೆಟ್ಟು ನಾನು ಏಳುವ ಮೊದಲೇ ಬಿತ್ತು. ತುಟಿ ಹಲ್ಲಿಗೆ ಸಿಕ್ಕಿ ಸೀಳಿತು. ಕೈ ತಾನಾಗಿ ಮೇಲೆ ಬಂತು, ಇಳಿಸಿದೆ. ಬೆಂಚಿನಿಂದ ಎಳೆದು ಕೆಳಗೆ ಹಾಕಿ ಪಕ್ಕೆಗೆ ಒದ್ದ. ಮುಷ್ಟಿಯಿಂದ ಕಿವಿಯ ಮೇಲೆ, ದವಡೆಯ ಮೇಲೆ. ಒಂದು ಹಲ್ಲು ನಾಲಿಗೆಯ ಮೇಲೆ ಬಂದು ಕೂತಿತು, ಉಗುಳಿದೆ. "ನೀ ಬೆರಳು ಮಾಡ್ದೆ ಅಂತ ಅವನ ಕೈ ಮುರದೆ ನಾ," ಎನ್ನುತ್ತಿದ್ದ, ಒಂದೊಂದು ಪೆಟ್ಟಿಗೂ ಅದನ್ನೇ. ಕೊನೆಗೆ ಅವನ ಆಳುಗಳೇ ಅವನನ್ನು ಹಿಡಿದೆಳೆದರು. ನಾನು ಬಿದ್ದಲ್ಲೇ ಇದ್ದೆ. ನೋವು ಇತ್ತು, ಅವಮಾನ ಇರಲಿಲ್ಲ. ಇನ್ನು ಲೆಕ್ಕ ಚುಕ್ತಾ ಎಂದು ಅನ್ನಿಸಿದ್ದೂ ನಿಜ.

ಮೂರನೇ ದಿನ ತಾಂಡೇಲನೇ ಪಿಕಪ್ ತಂದು ಮನೆಯ ಮುಂದೆ ನಿಲ್ಲಿಸಿದ. ಮಾವಳ್ಳಿಗೆ ಹೋಗುವ, ನೀವೂ ಬನ್ನಿ ಎಂದ. ನಾನು ಒಂದು ರಬ್ಬರ್ ಚೆಂಡು ತೆಗೆದುಕೊಂಡೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಅದನ್ನು ಹಿಸುಕಿ ಬೆರಳಿಗೆ ಬಲ ತರಿಸಬೇಕು, ಆಮೇಲೆ ಬಕೆಟಿನಲ್ಲಿ ಅಕ್ಕಿ ತುಂಬಿ ಕೈ ಒಳಗಿಟ್ಟು ಮುಷ್ಟಿ ಬಿಗಿದು ಬಿಡಬೇಕು, ಆಮೇಲೆ ಟವೆಲ್ ಹಿಡಿದು ಜೋತು ಬೀಳಬೇಕು. ಯಾವ ಜಿಮ್ಮಿನಲ್ಲೂ ಯಾರೂ ಮಾಡದ, ಹಿಡಿತಕ್ಕೆ ಅದಕ್ಕಿಂತ ಒಳ್ಳೆಯದಿಲ್ಲದ ಕೆಲಸಗಳು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ವಾರವಾರದ ಪಟ್ಟಿ ಹಾಕಿಕೊಂಡೆ. ಅವನ ಕೈಯನ್ನು ನಾನೇ ಸರಿಮಾಡುತ್ತೇನೆ ಎಂಬ ಉತ್ಸಾಹ ಬಂದಿತ್ತು.

ಕಲಾಸಿ ಜಗಲಿಯಲ್ಲೇ ಇದ್ದ. ತಾಂಡೇಲ ಚಪ್ಪಲಿ ಬಿಟ್ಟು ಅಂಗಳದಲ್ಲೇ ನಿಂತ.

"ತಪ್ಪಾತು," ಎಂದ. ತಾನೂ ಆತು ಕೇಳಿ ಬಿಟ್ಟದ್ದನ್ನು, ಸರಳಿನ ವಿಷಯವನ್ನು ಹೇಳಿದ. "ಬೋಟ್ ಇಳಿಸೂ ದಿನ ಬಾ. ಕೈ ಸರಿ ಆಗೂವರೆಗೂ ಕೂತ್ಕಂಡೇ ಇರು, ನಿನ್ನ ಪಾಲು ನಿಂಗೆ."

ಕಲಾಸಿ ಪ್ಲಾಸ್ಟರಿನ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ.

"ನಿಮ್ಮ ಬೋಟಿಗೆ ಬರೂದಿಲ್ಲ ತಾಂಡೇಲ್ರೆ. ನಡು ಸಮುದ್ರದಲ್ಲಿ ಬಲೆ ಬೋಟಿನಡಿಯ ಫ್ಯಾನಿಗೆ ಸಿಕ್ಕದ್ರೆ ಸೊಂಟಕ್ಕೆ ಹಗ್ಗ ಕಟ್ಕಂಡು ಇಳಿಯೂದು ನಾ. ಮೇಲೆ ಹಗ್ಗ ಹಿಡ್ಕಣೂದು ನೀವು. ನಿಮ್ಮ ಕೈಲಿ ಹಗ್ಗ ಕೊಟ್ಟು ನೀರಿಗೆ ಇಳಿಯೂಕೆ ನಂಗೆ ಧೈರ್ಯ ಇಲ್ಲ. ಭಟ್ಕಳದವ್ರಿಗೆ ಫೋನ್ ಮಾಡಿ, ಬೇಕಂತ ಬಿಟ್ಟದ್ದಲ್ಲ ಅಂತ ಹೇಳಿ. ಅಷ್ಟು ಸಾಕು."

ತಾಂಡೇಲ ಅಲ್ಲೇ ನಿಂತು ಫೋನ್ ಮಾಡಿದ. ಬಿಡಿಸಿ ಬಿಡಿಸಿ ಎರಡು ಸಲ ಹೇಳಿದ, ಕೈ ಮುರಿದದ್ದು ತಾನೇ ಎಂಬುದನ್ನೂ ಹೇಳಿದ. ಆ ಕಡೆಯವರು ಏನೆಂದರೋ, ಹೂಂ ಹೂಂ ಎಂದು ಇಟ್ಟ.

"ಕೈ ಆಡೂಕೆ ಶುರುವಾದ ಕೂಡ್ಲೇ ಬಾ ಅಂದ್ರು," ಎಂದು ಹೇಳಿ ಪಿಕಪ್ಪಿನ ಕಡೆ ನಡೆದ.

ನನ್ನ ಸರದಿ ಎಂದುಕೊಂಡು ನಾನು ಚೆಂಡನ್ನು ಮುಂದೆ ಹಿಡಿದು, ಯಾವ ವಾರ ಏನು ಮಾಡಬೇಕು ಎಂದು ಶುರುಮಾಡಿದೆ. ಕಲಾಸಿ ನಡುವೆ ತಡೆಯಲಿಲ್ಲ, ಪೂರ್ತಿ ಹೇಳಲು ಬಿಟ್ಟ.

"ಕೈ ನಾನೇ ಸರಿ ಮಾಡ್ಕಂತೆ ಮಾಸ್ತರ್ರೆ," ಎಂದ ಆಮೇಲೆ. "ತಾಂಡೇಲ್ರಿಗೆ ತಮ್ಮ. ಸಿಟ್ಟು ಬಂತು, ಹೊಡ್ದ್ರು. ಅದು ನಂಗೆ ಅರ್ಥ ಆಗ್ತದೆ. ಸರಳು ತೆಗೆದದ್ದು ನೀವೇ, ನಿಮ್ಗೆ ಎಲ್ಲ ಗೊತ್ತಿತ್ತು. ಗೊತ್ತಿದ್ಕಂಡು ನನ್ನ ಕಡೆ ಬೆರಳು ಮಾಡದ್ರಿ. ಅದೊಂದು ಮಾತ್ರ ಎಷ್ಟು ಯೋಚ್ನೆ ಮಾಡದ್ರೂ ಅರ್ಥ ಆಗ್ತಾ ಇಲ್ಲ."

ನಾನು ಚೆಂಡನ್ನು ಜಗಲಿಯ ಅಂಚಿನಲ್ಲಿಟ್ಟು ಇಳಿದು ಬಂದೆ. ಪಿಕಪ್ಪಿನ ಬಾಗಿಲು ಹಾಕಿಕೊಳ್ಳುವಷ್ಟರಲ್ಲಿ ಅವನ ಹೆಂಡತಿ ಅಂಗಳ ದಾಟಿ ಬಂದು, ಕಿಟಕಿಯಿಂದ ಅದನ್ನು ನನ್ನ ಕೈಗೆ ವಾಪಸ್ ಕೊಟ್ಟು ಹೋದಳು.